ಸಾಲಿನ ಕೊನೆಯ ಬೊಂಬೆ

ಆಫ್ರಿಕಾದ ತುದಿಯ ಆ ಕಡಲತೀರದಲ್ಲಿ ಆಚಾರ್ಯರು ಮಾಡಿದ ಮೂವತ್ತು ಸಿಮೆಂಟಿನ ಪೆಂಗ್ವಿನ್‌ಗಳು ಮೂರು ವರ್ಷದಿಂದ ನಿಂತೇ ಇದ್ದವು. ಅಳಿವಿನಂಚಿಗೆ ಬಂದ ಹಕ್ಕಿಯಾದರೂ ಅದರ ಬಿಂಕ ಕಡಿಮೆಯಿಲ್ಲ. ತನ್ನ ಬಳಗ ಕಾಣದ ಕಡೆ ಗೂಡು ಕಟ್ಟುವುದಿಲ್ಲ. ಬೊಂಬೆಗಳನ್ನು ಬಳಗವೆಂದು ನಂಬಿ ಬಂದೀತೆಂದು ಕಾದದ್ದೇ ಬಂತು, ಒಂದೂ ಬರಲಿಲ್ಲ. ಇವತ್ತು ಎಲ್ಲವನ್ನೂ ಕಿತ್ತು ಲಾರಿಗೆ ಹೇರುವ ದಿನ.

ಅದಕ್ಕೆಂದೇ ಬಂದಿದ್ದ ಅಧಿಕಾರಿಣಿ, ಅವರ ಊರ ಕಡೆಯವಳೇ, ದಿಬ್ಬದ ಮೇಲಿಂದ ದುರ್ಬೀನು ಹಿಡಿದು ನಕ್ಕಳು.

"ಆಚಾರ್ರೇ, ಹಕ್ಕಿ ಯಾಕೆ ಬರ್ಲಿಲ್ಲ ಅಂತ ಈಗ ಗೊತ್ತಾಯ್ತು. ಸಾಲಿನ ಕೊನೇದು ನೋಡಿ, ಕುತ್ತಿಗೆ ಸೊಟ್ಟ. ಎದೆ ಮೇಲಿನ ಚುಕ್ಕಿಗಳೂ ಎಲ್ಲೆಲ್ಲೋ ಬಿದ್ದಿವೆ."

ಆಚಾರ್ಯರಿಗೆ ಮೈಯೆಲ್ಲ ಉರಿಯಿತು. "ಮೂವತ್ತೂ ಒಂದೇ ಅಚ್ಚಿನವು ಮೇಡಂ! ಒಂದು ಮಾತ್ರ ಸೊಟ್ಟ ಆಗುದು ಹೇಗೆ?"

"ಕಣ್ಣಿಗೆ ಕಾಣ್ತದಲ್ಲ! ಇರ್ಲಿ ಬಿಡಿ, ಹೇಗೂ ಗುಜರಿಗೆ ಹೋಗುದು."

"ಗುಜರಿಗೇ ಹೋಗ್ಲಿ, ನೆಟ್ಟಗೆ ಹೋಗ್ಲಿ!"

ಬಣ್ಣದ ಡಬ್ಬಿ, ಕುಂಚ ಹಿಡಿದು ಅವರು ಗೊಣಗುತ್ತ ಮರಳಿಗಿಳಿದರು. ಕೊನೆಯ ಬೊಂಬೆಯ ಮುಂದೆ ಮಂಡಿಯೂರಿ, ಕನ್ನಡಕ ಸರಿಮಾಡಿಕೊಂಡು, ದಾರಿ ತಪ್ಪಿದ ಚುಕ್ಕಿಯೊಂದರ ಮೇಲೆ ಕುಂಚ ಇಟ್ಟರು.

ಬೊಂಬೆ ಅವರ ಹೆಬ್ಬೆರಳನ್ನು ಕಚ್ಚಿ ಹಿಡಿಯಿತು.