ಸೀಟಿನಲ್ಲಿ ಕೂತವರ ಸ್ವಭಾವ

ಕಾರಿಗೆ ವೇಗ ಹೆಚ್ಚಿಸುವ ದೊಡ್ಡ ಟರ್ಬೊ ಕೂರಿಸಿದ ಮೇಲೆ ಎಂಜಿನ್ನನ್ನು ಹೊಸದಾಗಿ ಟ್ಯೂನ್ ಮಾಡಿಸಲೇಬೇಕು. ಆಗ ಡ್ರೈವರ್ ಸೀಟಿನಲ್ಲಿ ಯಾರು ಕೂತಿರುತ್ತಾರೋ ಅವರ ಸ್ವಭಾವ ಎಂಜಿನ್ನಿಗೆ ಹತ್ತುತ್ತದೆ, ಒಂದು ವರ್ಷ ಬಿಡುವುದಿಲ್ಲ. ಕಳೆದ ಸಲ ಕೂತವನು ಹೆಂಡತಿಯೊಡನೆ ಜಗಳವಾಡಿ ಬಂದಿದ್ದ. ವರ್ಷವಿಡೀ ಅಶ್ವಿತಾಳ ಕಾರು ಗೇರು ಮುಟ್ಟಿದರೆ ಸಿಡುಕುತ್ತಿತ್ತು.

ಈ ಭಾನುವಾರ ಘಾಟಿಯಲ್ಲಿ ಕಾರ್ ರ‍್ಯಾಲಿ. ಅದಕ್ಕೆಂದು ಕಾರಿಗೆ ಇನ್ನೂ ದೊಡ್ಡ ಟರ್ಬೊ ಹಾಕಿಸಿಯಾಗಿತ್ತು. ಮಂಗಳೂರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಡೆನ್ಜಿಲ್ ಲ್ಯಾಪ್‌ಟಾಪಿನಿಂದ ಟ್ಯೂನಿಂಗ್ ವೈರು ಸಿಕ್ಕಿಸಿ, ಬಿಸಿಯಾಗಲೆಂದು ಎಂಜಿನ್ ಚಾಲೂ ಮಾಡಿಟ್ಟಿದ್ದ. ಅಶ್ವಿತಾ ಸೀಟಿನಲ್ಲಿ ಕುಸಿದು ಕೂತಳು.

“ಕಂಪನಿಯವರ ರೆಡಿಮೇಡ್ ಟ್ಯೂನ್ ಫೈಲ್ ತರಿಸಿ ಹಾಕಿದ್ರೆ ಸಾಕಲ್ಲ ಡೆನ್ಜಿಲಣ್ಣ?”

“ಅದು ಸಾವಿರ ಜನರನ್ನು ಕಲಸಿ ಮಾಡಿದ ಸ್ವಭಾವ. ಎಲ್ಲರಿಗೂ ದಾರಿ ಬಿಡ್ತದೆ.”

“ಹಾಗಾದ್ರೆ ನೀವೇ ಕೂತುಕೊಳ್ಳಿ.”

“ನಂಗೆ ಘಾಟಿ ಅಂದ್ರೆ ಹೆದರಿಕೆ ಮಾರಾಯ್ತಿ.”

“ನಾನೇ ಕೂತರೆ? ಬೇಡ, ಫೈಲೇ ಇರಲಿ. ಅಲ್ಲ, ಎಲ್ಲರಿಗೂ ದಾರಿ ಬಿಟ್ಟು ರ‍್ಯಾಲಿಯಲ್ಲಿ ಎಂತ ಮಾಡುದು? ನೀವೇ ಧೈರ್ಯ ಮಾಡಿ ಕೂತುಕೊಳ್ಳಿ. ಬೇಡ, ಬೇಡ. ತಲೆ ಕೆಟ್ಟುಹೋಯ್ತು ನಂಗೆ.” ಅವಳು ಸ್ಟೀರಿಂಗಿಗೆ ಗುದ್ದಿದಳು.

ಡೆನ್ಜಿಲ್ ಲ್ಯಾಪ್‌ಟಾಪಿನ ಪರದೆಯನ್ನೇ ನೋಡುತ್ತಿದ್ದ. ಅಲ್ಲಿ ಹಸಿರು ದೀಪ ಹತ್ತಿತ್ತು.

ಯಾರೂ ಆಕ್ಸಿಲರೇಟರ್ ಒತ್ತಿರಲಿಲ್ಲ. ಎಂಜಿನ್ನಿನ ಸದ್ದು ತಾನಾಗಿ ಏರಿತು, ಅರ್ಧದಲ್ಲಿ ಅನುಮಾನಿಸಿ ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು.

“ಇನ್ನು ಯೋಚನೆ ಮಾಡುದು ಬೇಡ,” ವೈರು ಕೀಳುತ್ತಾ ಡೆನ್ಜಿಲ್ ಮೆಲ್ಲಗೆ ಹೇಳಿದ. “ಟ್ಯೂನ್ ಆಗಿ ಆಯ್ತು.”