ರಾಚಮ್ಮನ ಪ್ಲೇಟು

ಮುದುಕ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಸೌಂದರ್ಯಳಿಗೆ ಮೊದಲ ದಿನವೇ ಗುಮಾನಿ ಬಂತು.

ಹುಣಸೂರಿನ ಬಸ್ ನಿಲ್ದಾಣದ ಎದುರು ಅವಳ ಕಂಪ್ಯೂಟರ್ ಅಂಗಡಿ. ಹನ್ನೆರಡು ವರ್ಷದಲ್ಲಿ ಅವಳು ಕಾಣದ ಬಗೆಯ ಗಿರಾಕಿ ಇರಲಿಲ್ಲ. ಆದರೆ ಗಾವಡಗೆರೆಯ ಈ ಚಲುವಯ್ಯನಂಥವನು ಬಂದಿರಲಿಲ್ಲ. ಎಪ್ಪತ್ತರ ಅಂಚಿನ ಮನುಷ್ಯ. ಹಳೆಯ ಹಾಡಿನ ಪ್ಲೇಟೊಂದನ್ನು ಕಂಪ್ಯೂಟರಿಗೆ ಇಳಿಸಬೇಕು, ಅದರ ಗೀರು, ಚಟಪಟ ಸದ್ದು ಎಲ್ಲ ತೆಗೆಯಬೇಕು, ಅದಕ್ಕೆ ತಕ್ಕ ಮಷೀನು ಬೇಕು ಎಂದ. ಎಷ್ಟು ಗಟ್ಟಿಯಾಗಿ ಎಂದರೆ ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಮೂವತ್ತು ವರ್ಷ ಮದುವೆಗಳಿಗೆ ಮೈಕ್‌ಸೆಟ್ ಹಾಕಿದವನಂತೆ. ಗಂಟಲು ಅಲ್ಲಿಂದ ಬಂದದ್ದಿರಬೇಕು ಎಂದುಕೊಂಡಳು.

“ಇದು ತಗೊಳ್ಳಿ ಯಜಮಾನ್ರೇ. ಇದರ ಫ್ಯಾನು ಸದ್ದೇ ಮಾಡಲ್ಲ. ಹಾಡಿನ ಕೆಲಸಕ್ಕೆ ಹೇಳಿ ಮಾಡಿಸಿದ್ದು.”

“ಫ್ಯಾನು ಎಷ್ಟಾರ ಕೂಗ್ಲಿ ಬುಡವ್ವ. ಸ್ಕ್ರೀನು ದೊಡ್ಡದಾಗಿರ್ಲಿ. ಪದದ ಗೆರೆ ಏರೋದು ಇಳಿಯೋದು ಚೆನ್ನಾಗಿ ಕಾಣ್ಬೇಕು.”

ಹಾಡಿನ ಕೆಲಸ ಎನ್ನುವವನು ಫ್ಯಾನು ಕೂಗಲಿ ಎನ್ನುತ್ತಾನೆ. ಸೌಂದರ್ಯ ಬೆನ್ನು ತಿರುಗಿಸಿ ಮೇಲಿನ ಹಲಗೆಯಿಂದ ಸ್ಪೀಕರ್ ಇಳಿಸುತ್ತ, ಮನೆಯಲ್ಲಿ ಇನ್ಯಾರು ಕಂಪ್ಯೂಟರ್ ಬಲ್ಲವರು ಎಂದು ಕೇಳಿದಳು. ಉತ್ತರವಿಲ್ಲ. ಮತ್ತೊಮ್ಮೆ ಕೇಳಿದಳು. ಆಗಲೂ ಇಲ್ಲ. ಎಂಥ ಗರ್ವ ಈ ಮುದುಕನಿಗೆ ಎನ್ನಿಸಿತು. ಸ್ಪೀಕರನ್ನು ಮುಂದಿಟ್ಟರೆ, “ಇದ್ಯಾಕೆ, ಬ್ಯಾಡ” ಎಂದು ಪಕ್ಕಕ್ಕೆ ಸರಿಸಿದ. ಪುಕ್ಕಟೆ ಕೊಟ್ಟ ಹೆಡ್‌ಫೋನನ್ನೂ ಮುಟ್ಟಲಿಲ್ಲ.

ಅವನು ತಂದಿದ್ದ ಪ್ಲೇಟಿನ ನಡುವಿನ ಕಾಗದ ಮಾಸಿತ್ತು. ‘ರಾಚಮ್ಮ ಮತ್ತು ಸಂಗಡಿಗರು, ಸೋಬಾನೆ’ ಎಂದು ಕಷ್ಟಪಟ್ಟು ಓದಿದಳು.

“ಯಾರಿವರು?”

ಚಲುವಯ್ಯ ಅವಳ ಮುಖವನ್ನೇ ನೋಡಿದ. ಪ್ಲೇಟನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಯಾವುದೋ ಹಳೆಯ ನಂಟು, ಮನೆಯವರಿಗೆ ತಿಳಿಯಬಾರದ್ದು ಎಂದು ಅವಳು ತೀರ್ಮಾನಿಸಿದಳು. ಅಂಗಡಿಯಲ್ಲಿದ್ದ ಅತಿ ದೊಡ್ಡ ಸ್ಕ್ರೀನಿನ ಮಷೀನು ಮಾರಾಟವಾಯಿತು. ಯಾವ ವೈರು ಎಲ್ಲಿಗೆ, ಯಾವ ಗುಂಡಿ ಯಾತಕ್ಕೆ ಎಂಬುದನ್ನೆಲ್ಲ ಅವನು ಕಾಗದದಲ್ಲಿ ಬರೆಸಿಕೊಂಡು ಹೋದ.

ಎರಡು ತಿಂಗಳು ಅವನ ಸುಳಿವಿರಲಿಲ್ಲ. ಮತ್ತೆ ಬಂದಾಗ ಕಣ್ಣು ಕೆಂಪಗಿತ್ತು, ಗಡ್ಡ ಬೆಳೆದಿತ್ತು. ಕೈಯಲ್ಲೊಂದು ಪೆನ್‌ಡ್ರೈವ್.

“ಒಂದೇ ಪದ ಕಣವ್ವ, ನಾಕು ನಿಮಿಷದ್ದು. ಈಗ ಮುಗೀತು.”

“ನಾಲ್ಕು ನಿಮಿಷಕ್ಕೆ ಎರಡು ತಿಂಗಳಾ? ಎಲ್ಲ ಗೀರನ್ನೂ ಮಷೀನೇ ಒಂದೇ ಸಲಕ್ಕೆ ತೆಗೆಯುತ್ತಲ್ಲ?”

“ಅದ್ಕೇನು ಗೊತ್ತು, ಯಾವ್ದು ಗೀರು, ಯಾವ್ದು ಅವಳ ಉಸುರು.”

ಚಲುವಯ್ಯ ತಾನಾಗಿಯೇ ಹೇಳತೊಡಗಿದ. ರಾಚಮ್ಮ ಅವನ ಹೆಂಡತಿ. ಯಾರೋ ಕಂಪನಿಯವರು ಮೈಸೂರಿಗೆ ಕರೆದೊಯ್ದು ಹಾಡಿಸಿದ್ದರು. ಮರುವರ್ಷ ಹೆರಿಗೆಯಲ್ಲಿ ಹೋಗಿಬಿಟ್ಟಳು. ಮಗು ಉಳಿಯಿತು. ಅದೇ ಪದ್ಮಶ್ರೀ, ಈಗ ಕೊಪ್ಪದಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಹೆತ್ತವಳ ದನಿ ಹೇಗಿತ್ತೆಂದು ಅವಳಿಗೆ ಗೊತ್ತಿಲ್ಲ.

ತಾನು ಗುಮಾನಿಪಟ್ಟದ್ದಕ್ಕೆ ಸೌಂದರ್ಯಳಿಗೆ ನಾಚಿಕೆಯಾಯಿತು. ಆದರೂ ಕೇಳಿದಳು: “ಪ್ಲೇಟು ಮನೇಲೇ ಇತ್ತಲ್ಲ. ಮಗಳಿಗೆ ಅವತ್ತೇ ಹಾಕಿ ಕೇಳಿಸಬಹುದಿತ್ತು.”

ಅವನು ಪೆನ್‌ಡ್ರೈವನ್ನು ಬೆರಳಲ್ಲಿ ತಿರುಗಿಸುತ್ತ ಹೇಳಿದ.

“ಅವಳು ಇದ್ದಾಗ ಕಂಡ ಕಂಡ ಮದ್ವೇಲೆಲ್ಲ ಹಾಕಿ ಹಾಕಿ ಸವೆಸ್ದೆ. ಒಂದೊಂದು ಸೊಲ್ಲೂ ತಲೇಲಿ ಕೂತದೆ. ಹೋದ್ಮೇಲೆ ಹಾಕೋಕೆ ಎದೆ ಬರ್ನಿಲ್ಲ. ಟ್ರಂಕಿನ ತಳಕ್ಕೆ ಹಾಕ್ದೆ. ಮಗು ಕೇಳ್ತಿತ್ತು, ಅವ್ವ ಹೆಂಗೆ ಹಾಡ್ತಿತ್ತಪ್ಪ ಅಂತ. ನಾಳೆ ಹಾಕಾನ, ನಾಳೆ ಹಾಕಾನ ಅಂತ ದಿನ ತಳ್ದೆ. ನಾನು ಕೇಳೋಕೆ ಎದರ್ಕಂಡು ಮಗೀಗೂ ಕೇಳಿಸ್ನಿಲ್ಲ. ಅಂಗೇ ವರ್ಷಗಳು ಕಳೆದೋದವು.”

ಪೆನ್‌ಡ್ರೈವ್ ಮುಂದೆ ಚಾಚಿದ. “ಮಗಳಿಗೆ ಕೊಡೋಕೆ ಮುಂಚೆ ನೀನೊಂದ್ಸಲ ಕೇಳವ್ವ.”

ಸೌಂದರ್ಯ ಹೆಡ್‌ಫೋನ್ ಹಾಕಿಕೊಂಡಳು. ತೆಳುವಾದ ಹೆಣ್ಣುದನಿ, ಹತ್ತಿರದಲ್ಲೇ ಕೂತು ಹಾಡಿದಂತೆ. ಒಂದೆರಡು ಕಡೆ ಸಣ್ಣಗೆ ಚಟಪಟ ಉಳಿದಿತ್ತು. ಎರಡನೆಯ ಸೊಲ್ಲಿನ ಕೊನೆಯಲ್ಲಿ ಆ ಹೆಂಗಸು ಉಸಿರೆಳೆದುಕೊಂಡದ್ದು ಕೇಳಿಸಿತು. ಬದುಕಿರುವವಳ ಉಸಿರು. ಸೌಂದರ್ಯಳ ಕಣ್ಣು ತುಂಬಿತು. ಚಲುವಯ್ಯ ಸ್ಕ್ರೀನನ್ನು ನೋಡಲಿಲ್ಲ. ನಾಲ್ಕು ನಿಮಿಷವೂ ಅವಳ ಮುಖವನ್ನೇ ನೋಡುತ್ತ ನಿಂತಿದ್ದ.

ಅವಳು ಬಾಯಿ ತೆರೆಯುವ ಮುಂಚೆಯೇ, “ಸರಿಯಾಗದೆ” ಎಂದು ತನ್ನಷ್ಟಕ್ಕೆ ಹೇಳಿಕೊಂಡು ಹೊರಟ.

ಹತ್ತು ದಿನಕ್ಕೆ ಪದ್ಮಶ್ರೀ ಅಂಗಡಿಗೆ ಬಂದಳು. ಮೂವತ್ತೆಂಟರ ಹೆಂಗಸು. ಹೆಸರು ಹೇಳಿಕೊಂಡು, ಅಡುಗೆಮನೆಯಲ್ಲಿ ಇಟ್ಟುಕೊಳ್ಳಲು ಒಂದು ಸ್ಪೀಕರ್ ಕೇಳಿದಳು.

“ಒಲೆ ಮುಂದೆ ನಿಂತ್ಕಂಡು ದಿನಾ ಕೇಳ್ತೀನಿ ಕಣಕ್ಕ. ಮೊದಲ್ನೇ ಸಲ ಹಾಕ್ದಾಗ ಅಪ್ಪಂದು ಕಣ್ಣೆಲ್ಲ ನನ್ ಮುಖದ ಮ್ಯಾಲೇ ಇತ್ತು. ನಾನು ಅತ್ತಿದ್ದು ನೋಡಿ ಅಪ್ಪನೂ ಅತ್ರು.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಅದನ್ನ ಸರಿ ಮಾಡ್ಕೊಟ್ಟೋರು ನೀವು. ಒಂದ್ಸಲ ಕೈ ಮುಗಿದು ಹೋಗಾನ ಅಂತ ಬಂದೆ.”

“ನಾನಲ್ಲ ಪದ್ಮಕ್ಕ. ನಾನು ಮಷೀನು ಕೊಟ್ಟಿದ್ದಷ್ಟೇ. ನಿಮ್ಮಪ್ಪನವರೇ ಎರಡು ತಿಂಗಳು ಕೂತು, ಕೇಳಿ ಕೇಳಿ ಒಂದೊಂದೇ ಗೀರು ತೆಗೆದದ್ದು.”

ಪದ್ಮಶ್ರೀ ತಲೆಯೆತ್ತಿದಳು.

“ಅಪ್ಪಂಗೆ ಎರಡು ಕಿವಿನೂ ಹೋಗಿ ಹನ್ನೊಂದು ವರ್ಷ ಆಯ್ತು ಕಣಕ್ಕ.”