ಹೇಳಿದ ದಿನಕ್ಕೇ ಬಂದ ಒಲೆ

ಹೇಳಿದ ದಿನಕ್ಕೇ ಸಾಮಾನು ಬಂದದ್ದನ್ನು ಕಂಡು ಪೂವಪ್ಪ ಶೆಟ್ಟರು ಹೆದರಿಹೋದರು. ಚೆಂಬೂರಿನಲ್ಲಿ ಅವರು ತೆರೆಯಲಿದ್ದ ಹೊಸ ಹೋಟೆಲಿನ ಮುಂದೆ ಟೆಂಪೊ ನಿಂತಿತ್ತು. ಹಿಂದುಗಡೆ ಮೂರು ಬರ್ನರಿನ ಸ್ಟೀಲ್ ಒಲೆ, ದೋಸೆ ಕಾವಲಿ, ಚಿಮಣಿ, ಎಲ್ಲ ಫಳಫಳ. ಮುಂದಿನ ಸೀಟಿನಿಂದ ಇಳಿದ ಧರ್ಮಣ್ಣನ ಮುಖ ಅದಕ್ಕಿಂತ ಫಳಫಳ. ಬೈಕುಲ್ಲಾದಲ್ಲಿ ಹೋಟೆಲುಗಳಿಗೆ ಒಲೆ ಮಾಡಿಕೊಡುವ ವರ್ಕ್‌ಶಾಪು ಹಾಕಿದಂದಿನಿಂದ ಆತ ಯಾರಿಗೂ ಯಾವುದನ್ನೂ ಹೇಳಿದ ದಿನಕ್ಕೆ ಕೊಟ್ಟವನಲ್ಲ.

“ಇದೆಂತದು ಮಾರಾಯ್ರೆ, ನಿಜವಾಗಿಯೂ ತಂದುಬಿಟ್ರಾ?” ಎಂದರು ಪೂವಪ್ಪ.

“ಅರ್ಜೆಂಟ್, ಗುರುವಾರ ಬೇಕೇ ಬೇಕು ಅಂತ ನೀವೇ ಅಲ್ವಾ ಬರೆದದ್ದು?”

“ಬರೆದದ್ದು ಹೌದು. ನಿಮ್ಮ ಹತ್ರ ಗುರುವಾರ ಅಂದ್ರೆ ದೀಪಾವಳಿಗಾದ್ರೂ ಬರ್ತದೆ ಅಂತ ಬರೆದದ್ದು. ಒಳಗೆ ಬಂದು ನೋಡಿ. ಒಲೆ ಇಡ್ಲಿಕ್ಕೆ ನೆಲ ಉಂಟಾ?”

ನೆಲ ಇರಲಿಲ್ಲ. ಮರಳು ಇತ್ತು, ಅಗೆದ ಗುಂಡಿ ಇತ್ತು, ಸಿಮೆಂಟ್ ಚೀಲದ ಮೇಲೆ ಕುಳಿತು ವಡಾಪಾವ್ ತಿನ್ನುತ್ತಿದ್ದ ಟೈಲ್ಸಿನವನಿದ್ದ. ಧರ್ಮಣ್ಣ ತಿರುಗಿ, ಟೆಂಪೊದಲ್ಲಿ ಜೊತೆಗೆ ಬಂದಿದ್ದ ಲಾವಣ್ಯಾಳನ್ನು ನೋಡಿದ. ವರ್ಕ್‌ಶಾಪಿನ ಕಂಪ್ಯೂಟರ್ ಕೆಲಸವೆಲ್ಲ ಅವಳದು. ಡ್ರಾಯಿಂಗಿನಿಂದ ಹಿಡಿದು ಕಡೆಯ ಫಿಟ್ಟಿಂಗಿನವರೆಗೆ ಪ್ರತಿ ಒಲೆಯ ಜಾತಕವನ್ನೂ ಇಟ್ಟುಕೊಳ್ಳುವ ಪ್ರಾಜೆಕ್ಟ್ ಸಾಫ್ಟ್‌ವೇರಿಗೆ ಒಂದು ಎಐ ಸಹಾಯಕನನ್ನು ಜೋಡಿಸಿದವಳು ಅವಳೇ. ಗಿರಾಕಿಗಳ ಡ್ರಾಯಿಂಗು ಹೊರಗಿನವರ ಕಂಪ್ಯೂಟರಿಗೆ ಹೋಗಕೂಡದು ಎಂದು ಧರ್ಮಣ್ಣ ಹಟ ಹಿಡಿದಿದ್ದರಿಂದ ಸ್ವಂತದ್ದೊಂದು ಸರ್ವರ್ ಕಂಪ್ಯೂಟರನ್ನು ವರ್ಕ್‌ಶಾಪಿನ ಒಳಕೋಣೆಯಲ್ಲೇ ಕೂರಿಸಿ, ಎಐ ಅದರಲ್ಲೇ ಓಡುವಂತೆ ಮಾಡಿದ್ದಳು. ಈಗ ಗಿರಾಕಿಗಳಿಗೆ ಮೆಸೇಜು ಕಳಿಸುವುದು, ಯಾರಿಗೆ ಯಾವ ದಿನ ಬೇಕೆಂದು ಕೇಳುವುದು, ಯಾವ ಒಲೆ ಮೊದಲು ಎಂದು ಕೆಲಸಗಾರರಿಗೆ ಹೇಳುವುದು, ಎಲ್ಲ ಎಐನದೇ ಕಾರುಬಾರು. ಧರ್ಮಣ್ಣನಿಗೆ ಅದೆಷ್ಟು ಹಿಡಿಸಿತ್ತೆಂದರೆ, ಅಂದಿನಿಂದ ಆತ ಒಬ್ಬ ಗಿರಾಕಿಗೂ ಫೋನು ಮಾಡಿರಲಿಲ್ಲ.

“ಸಿಸ್ಟಮ್ ಗಲತ್ ಮಾಡ್ಲಿಲ್ಲ ಅಂಕಲ್,” ಎಂದಳು ಲಾವಣ್ಯಾ. “ಇವರು ಅರ್ಜೆಂಟ್ ಬರೆದ್ರು, ಅದು ಅರ್ಜೆಂಟ್ ಮಾಡ್ತು.”

ಪೂವಪ್ಪರಿಗೆ ಆಗ ಏನೋ ಹೊಳೆಯಿತು. “ಅಲ್ಲ ಧರ್ಮಣ್ಣ, ನಾಳೆ ಬೆಳಿಗ್ಗೆ ಪರೇಲಿನಲ್ಲಿ ಸೇವಂತಿಯಕ್ಕನ ಖಾನಾವಳಿ ಓಪನಿಂಗ್. ನಮಗೆಲ್ಲ ಬರಬೇಕು ಅಂತ ಹೇಳಿಕೆ ಬಂದಿದೆ. ಅವರಿಗೆ ಒಲೆ ಕೊಟ್ಟಾಯ್ತಾ?”

ಧರ್ಮಣ್ಣ ಲಾವಣ್ಯಾಳ ಫೋನಿನತ್ತ ಬೆರಳು ತೋರಿಸಿದ. ಚಾಳಿನ ಒಂದೇ ಕೋಣೆಯಲ್ಲಿ ಅಡುಗೆ ಮಾಡಿ ಆಸ್ಪತ್ರೆಯ ನರ್ಸುಗಳಿಗೆ ಊಟ ಕಳಿಸುತ್ತಿದ್ದ ಸೇವಂತಿ, ಇದ್ದಬದ್ದದ್ದನ್ನೆಲ್ಲ ಸುರಿದು ಈ ಖಾನಾವಳಿ ಮಾಡಿದ್ದರು. ಧರ್ಮಣ್ಣನ ಕೈಯಿಂದ ಮೊಟ್ಟಮೊದಲು ಒಲೆ ಮಾಡಿಸಿಕೊಂಡವರೂ ಅವರೇ. ಲಾವಣ್ಯಾ ಫೋನಿನಲ್ಲಿ ನೋಡಿದಳು. ಸೇವಂತಿಯ ಕೆಲಸ ಎಲ್ಲಕ್ಕಿಂತ ಕೆಳಗಿತ್ತು. ತಗಡು ಕೂಡ ಕತ್ತರಿಸಿರಲಿಲ್ಲ.

“ತುರ್ತು ಇಲ್ಲ, ಗ್ರಾಹಕರು ‘ನಿಧಾನಕ್ಕೆ ಆಗಲಿ’ ಎಂದಿದ್ದಾರೆ ಅಂತ ಹಾಕಿದೆ ಅಂಕಲ್.”

“ಅವರ ಬಾಯಲ್ಲಿ ನಿಧಾನ ಅಂತ ಯಾವತ್ತಾದ್ರೂ ಬಂದದ್ದುಂಟಾ?” ಧರ್ಮಣ್ಣ ತಲೆ ಚಚ್ಚಿಕೊಂಡ. “ನಾಳೆ ಹಾಲು ಉಕ್ಕಿಸ್ಲಿಕ್ಕೆ ಒಲೆ ಇಲ್ಲದಿದ್ರೆ ನಾನು ಯಾವ ಮುಖ ಇಟ್ಕೊಂಡು ಪರೇಲಿಗೆ ಹೋಗುವುದು? ಅವರದ್ದೂ ಮೂರು ಬರ್ನರಿನದ್ದೇ ಅಲ್ವಾ? ಅಳತೆ ನೋಡು.”

ಅವಳು ಎಐನನ್ನು ಕೇಳಿದಳು. ಅಳತೆ ಒಂದೇ ಎಂದಿತು. ಜೊತೆಗೆ, ಸೇವಂತಿಯವರಿಗೆ ಅವಸರವಿಲ್ಲದ ಕಾರಣ ಈ ಬದಲಾವಣೆ ಬೇಕಾಗಿಲ್ಲ ಎಂದು ಬುದ್ಧಿಯನ್ನೂ ಹೇಳಿತು. ಧರ್ಮಣ್ಣ ಅದಕ್ಕೆ ಕೊಟ್ಟ ಉತ್ತರವನ್ನು ಲಾವಣ್ಯಾ ಟೈಪ್ ಮಾಡಲಿಲ್ಲ. ಪೂವಪ್ಪರಂತೂ, ಮೊದಲು ಇದನ್ನು ಇಲ್ಲಿಂದ ಎತ್ತಿ ಎನ್ನುತ್ತ ತಾವೇ ಟೆಂಪೊದ ಹಿಂಬಾಗಿಲು ಹಾಕಿದರು.

ಪರೇಲು ಮುಟ್ಟುವವರೆಗೆ ಧರ್ಮಣ್ಣ ಒಂದೊಂದು ಸಿಗ್ನಲನ್ನೂ ಬೈದ. ಖಾನಾವಳಿಯ ಮುಂದೆ ಟೆಂಪೊ ನಿಂತದ್ದೇ ಹಾರಿ ಇಳಿದು ಒಳಗೆ ಇಣುಕಿದ. ಒಳಗೆ ಹೊಸ ಮೇಜು, ಹೊಸ ಬಣ್ಣ, ಗೋಡೆಯ ಮೇಲೆ ಹೊಸ ಬೆಲೆಪಟ್ಟಿ. ಒಲೆ ಇರಬೇಕಾದ ಕಡೆ ಸೇವಂತಿ ನೆಲದ ಮೇಲೆ ಕುಳಿತು, ಪಕ್ಕದ ಮನೆಯಿಂದ ತಂದ ಸೀಮೆಎಣ್ಣೆ ಸ್ಟೋವಿನ ಬತ್ತಿ ಸರಿಮಾಡುತ್ತಿದ್ದರು. ನಾಳೆಯ ಹಾಲು ಅದರ ಮೇಲೆಯೇ ಉಕ್ಕುವುದಿತ್ತು. ಅದನ್ನು ನೋಡಿ ಧರ್ಮಣ್ಣನಿಗೆ ನೆಲವೇ ಬಾಯಿಬಿಡಬಾರದೇ ಅನ್ನಿಸಿತು.

ಹೊರಗೆ ಒಲೆಯನ್ನು ಅಡ್ಡ ಹಿಡಿದಿದ್ದ ಡ್ರೈವರನಿಗೆ, “ಏ, ಸೀದಾ ಪಕಡ್, ಕಣ್ಣು ಎಲ್ಲುಂಟು ನಿಂದು?” ಎಂದು ಆತ ಗದರಿದ.

ಆ ದನಿಗೆ ಸೇವಂತಿ ತಲೆಯೆತ್ತಿದರು. ಧರ್ಮಣ್ಣನನ್ನು ಅಡಿಯಿಂದ ಮುಡಿಯವರೆಗೆ ಎರಡೆರಡು ಸಲ ನೋಡಿದರು. “ಧರ್ಮಣ್ಣ, ನೀವು ಓಡಾಡ್ತಾ ಇದ್ದೀರಾ?”

“ಓಡಾಡದೆ ಎಂತ ಅಕ್ಕ? ನಾಳೆ ಓಪನಿಂಗ್ ಇಟ್ಕೊಂಡು ನಿಧಾನಕ್ಕೆ ಆಗಲಿ ಅಂತ ಬರೆಯುವುದಾ? ಒಂದು ಫೋನ್ ಮಾಡಿ ಎರಡು ಮಾತು ಬೈದಿದ್ರೆ ಆಗ್ತಿತ್ತಲ್ಲ.”

ಸೇವಂತಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅದು ಸೀಮೆಎಣ್ಣೆಯ ಘಾಟಿಗೋ ಸಮಾಧಾನಕ್ಕೋ, ಲಾವಣ್ಯಾಳಿಗೆ ತಿಳಿಯಲಿಲ್ಲ.

“ಇಷ್ಟು ವರ್ಷ ‘ತಲೆ ತಿನ್ಬೇಡಿ ಅಕ್ಕ, ನಾಳೆ ಆಗ್ತದೆ’ ಅಂತ ಬೊಬ್ಬೆ ಹೊಡೆದವರು ನೀವು. ಇದ್ದಕ್ಕಿದ್ದ ಹಾಗೆ ಫೋನಿಲ್ಲ, ಜಗಳ ಇಲ್ಲ. ‘ಮಾನ್ಯರೇ, ತಮಗಾದ ತೊಂದರೆಗೆ ಕ್ಷಮೆ ಇರಲಿ, ತಮ್ಮ ಒಡನಾಟಕ್ಕೆ ಹೃತ್ಪೂರ್ವಕ ಧನ್ಯವಾದಗಳು’ ಅಂತ ಮೆಸೇಜು ಬಂತು. ಇವರದ್ದು ಇನ್ನು ಹೆಚ್ಚು ದಿನ ಇಲ್ಲ ಅಂತ ತಿಳಿದೆ. ಸಾಯುವವರ ಹತ್ರ ನನ್ನ ಒಲೆ ಯಾವಾಗ ಕೊಡ್ತೀರಿ ಅಂತ ಕೇಳ್ಲಿಕ್ಕೆ ಆಗ್ತದಾ?”